ಹಾರೆ ಹಿಡಿಯದವರ ಪುರಾತತ್ತ್ವ

ನೆಲವನ್ನು ಅಗೆದು ಪೂರ್ವಕಾಲದ ಮನುಷ್ಯರ ಬಾಳನ್ನು ಅರಿಯಬೇಕೆಂಬ ಕುತೂಹಲವು ವಿದ್ವಾಂಸರ ಸೊತ್ತು ಮಾತ್ರವಲ್ಲ. ಕಚೇರಿಯ ಲೆಕ್ಕಪತ್ರಗಳ ನಡುವೆ ದಿನಗಳೆಯುವವರಲ್ಲಿಯೂ, ಶಾಲೆಯಲ್ಲಿ ಗಣಿತ ಹೇಳಿಕೊಡುವವರಲ್ಲಿಯೂ, ನಿವೃತ್ತರಾಗಿ ಬೆಳಗಿನ ಹೊತ್ತು ಉದ್ಯಾನದಲ್ಲಿ ನಡೆದಾಡುವವರಲ್ಲಿಯೂ ಅದು ಸುಪ್ತವಾಗಿದ್ದು, ಅವಕಾಶದ ಸುಳಿವೊಂದು ಕಂಡೊಡನೆ ತಲೆಯೆತ್ತುತ್ತದೆ. ಇಂಥವರ ಮನಸ್ಸನ್ನು ಶಾಂತಸಾಗರದ ದ್ವೀಪಗಳು ಬಹುಕಾಲದಿಂದ ಸೆಳೆದಿವೆ. ಈಸ್ಟರ್ ದ್ವೀಪದ ಬೃಹತ್ ಶಿಲಾಮೂರ್ತಿಗಳ ಚಿತ್ರವನ್ನು ಬಾಲ್ಯದಲ್ಲಿ ಯಾವುದಾದರೊಂದು ಪುಸ್ತಕದಲ್ಲಿ ಕಾಣದವರು ವಿರಳ. ಪುರಾತತ್ತ್ವದಲ್ಲಿ ಪದವಿಯಿಲ್ಲದವರೂ ತಮ್ಮ ವೆಚ್ಚವನ್ನು ತಾವೇ ಭರಿಸಿ, ವಿದ್ವಾಂಸರ ಕೈಕೆಳಗೆ ಕೆಲವು ವಾರಗಳ ಕಾಲ ಮಣ್ಣನ್ನು ಜರಡಿಯಾಡಿ ಬರುವ ಏರ್ಪಾಡುಗಳು ಅಲ್ಲಿ ಉಂಟು. 1971ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಹುಟ್ಟಿದ ಅರ್ಥ್‌ವಾಚ್ ಸಂಸ್ಥೆ ಈಸ್ಟರ್ ದ್ವೀಪಕ್ಕೂ ಇಂಥ ಸ್ವಯಂಸೇವಕರನ್ನು ಕಳುಹಿಸಿದೆ. ವಿಶ್ವವಿದ್ಯಾಲಯಗಳು ಕ್ಷೇತ್ರಶಾಲೆಗಳೆಂಬ ಹೆಸರಿನಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತವೆ. ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿಯಲ್ಲಿ, ಮೆಟ್ರೊ ಕಂಬಗಳ ಪಕ್ಕದ ಬಹುಮಹಡಿ ಮನೆಯೊಂದರಲ್ಲಿ ಕುಳಿತು ಇಂಥ ಆಹ್ವಾನವನ್ನು ಓದುವ ತರುಣನಿಗೆ ರೋಮಾಂಚನವಾದರೆ ಅದರಲ್ಲಿ ವಿಸ್ಮಯವೇನೂ ಇಲ್ಲ. ಅವನಿಗೆ ಹೇಳತಕ್ಕ ಮಾತು ಎರಡುಂಟು: ಆ ದ್ವೀಪಗಳಲ್ಲಿ ಹವ್ಯಾಸಿಗಳು ನಿಜವಾಗಿಯೂ ಏನನ್ನು ಸಾಧಿಸಿದರು ಎಂಬುದು ಒಂದು, ಅವನ ಮನೆಯಿಂದ ಏಳೆಂಟು ಕಿಲೋಮೀಟರ್ ದೂರದೊಳಗೆ ಅದೇ ಜಾತಿಯ ಕೆಲಸ ಯಾರ ಕೈಗಾಗಿ ಕಾದಿದೆ ಎಂಬುದು ಮತ್ತೊಂದು.

ಮೊದಲು ದ್ವೀಪಗಳ ಮಾತು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಪಾಲಿನೇಷಿಯದ ನೆಲವನ್ನು ಅಗೆಯುವುದರಿಂದ ಹೆಚ್ಚಿನ ಪ್ರಯೋಜನವಿಲ್ಲವೆಂಬ ಅಭಿಪ್ರಾಯವು ವಿದ್ವಾಂಸರಲ್ಲಿಯೇ ಬಲವಾಗಿತ್ತು. ಅಲ್ಲಿಯ ಜನ ಬಂದು ನೆಲಸಿ ಬಹುಕಾಲವಾಗಿಲ್ಲ, ಮಣ್ಣಿನ ಪದರಗಳು ತೆಳು, ಹವಾಯಿಯಲ್ಲಂತೂ ಮಡಕೆಯ ಚೂರು ಕೂಡ ಸಿಗದು. ಆದಕಾರಣ ವಂಶಾವಳಿಗಳನ್ನೂ ಐತಿಹ್ಯಗಳನ್ನೂ ಬರೆದಿಟ್ಟುಕೊಂಡರೆ ಸಾಕೆಂಬುದು ಅವರ ತರ್ಕ. ಈ ತರ್ಕವನ್ನು ಮುರಿದ ಕೀರ್ತಿಯ ಒಂದು ಪಾಲು ವಿದ್ಯಾರ್ಥಿಗಳಿಗೆ ಸಲ್ಲಬೇಕು. ಹೊನೊಲುಲುವಿನ ಬಿಷಪ್ ವಸ್ತುಸಂಗ್ರಹಾಲಯದ ಕೆನೆತ್ ಎಮೊರಿ ಎಂಬ ವಿದ್ವಾಂಸರು 1950ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ಉತ್ಖನನದ ಪಾಠವನ್ನು ಹೇಳಲಾರಂಭಿಸಿ, ಅಭ್ಯಾಸಕ್ಕೆಂದು ತಮ್ಮ ಶಿಷ್ಯರನ್ನು ಓಅಹು ದ್ವೀಪದ ಕುಲಿಓಉಓಉ ಎಂಬಲ್ಲಿಯ ಬಂಡೆಯಾಸರೆಯೊಂದಕ್ಕೆ ಕರೆದೊಯ್ದರು. ಅಲ್ಲಿ ಒಲೆಯ ಇದ್ದಿಲು ಸಿಕ್ಕಿತು. ಅದೇ ತಾನೇ ಷಿಕಾಗೋದಲ್ಲಿ ವಿಲ್ಲರ್ಡ್ ಲಿಬ್ಬಿಯವರು ಇಂಗಾಲದ ವಿಕಿರಣದಿಂದ ಕಾಲನಿರ್ಣಯ ಮಾಡುವ ವಿಧಾನವನ್ನು ಕಂಡುಹಿಡಿದಿದ್ದರಾಗಿ, ಇದ್ದಿಲು ಅವರಲ್ಲಿಗೆ ಹೋಯಿತು. ಬಂದ ಉತ್ತರ ಕ್ರಿ.ಶ. 1004, ಹಿಂದಕ್ಕೋ ಮುಂದಕ್ಕೋ 180 ವರ್ಷ. ಪಾಲಿನೇಷಿಯದ ನೆಲಕ್ಕೆ ದೊರೆತ ಮೊತ್ತಮೊದಲ ವೈಜ್ಞಾನಿಕ ಕಾಲಮಾನವದು. ಪಾಠದ ಅಂಗವಾಗಿ ಅಗೆದ ಹುಡುಗ ಹುಡುಗಿಯರ ಕೈಯಿಂದ ಅದು ಬಂದಿತು.

ಇದಾದ ನಾಲ್ಕು ವರ್ಷಗಳಿಗೆ ಯೋಷಿಹಿಕೊ ಸಿನೊಟೊ ಎಂಬ ಜಪಾನೀ ತರುಣರು ಕ್ಯಾಲಿಫೋರ್ನಿಯದಲ್ಲಿ ಓದಲೆಂದು ಹಡಗೇರಿ ಹೊರಟವರು ಮಾರ್ಗಮಧ್ಯದಲ್ಲಿ ಹವಾಯಿಯಲ್ಲಿ ಇಳಿದರು. ಹವಾಯಿ ದ್ವೀಪದ ದಕ್ಷಿಣದ ತುದಿಯಲ್ಲಿ ಅಗೆತ ನಡೆದಿದೆ, ನೋಡಿಹೋಗಬಹುದು ಎಂದು ಎಮೊರಿ ಕರೆದರು. ಸಿನೊಟೊ ನೋಡಹೋದರು, ಕ್ಯಾಲಿಫೋರ್ನಿಯ ಅಲ್ಲಿಗೇ ಉಳಿಯಿತು. ಉಳಿದ ಅರವತ್ತು ಚಿಲ್ಲರೆ ವರ್ಷಗಳ ಆಯುಷ್ಯವನ್ನು ಅವರು ಶಾಂತಸಾಗರದ ದ್ವೀಪಗಳಿಗೇ ಧಾರೆಯೆರೆದರು. ಎಮೊರಿ, ವಿಲಿಯಂ ಬಾಂಕ್ ಇವರೊಡನೆ ಸೇರಿ ಅವರು 1959ರಲ್ಲಿ ಪ್ರಕಟಿಸಿದ ಗ್ರಂಥವು ಮೀನಿನ ಗಾಳಗಳನ್ನು ಕುರಿತದ್ದು. ಮಡಕೆಯಿಲ್ಲದ ನಾಡಿನಲ್ಲಿ ಕಾಲದ ಪದರಗಳನ್ನು ಗುರುತಿಸಲು ಮೂಳೆಯಿಂದಲೂ ಕಪ್ಪೆಚಿಪ್ಪಿನಿಂದಲೂ ಕೆತ್ತಿದ ಸಾವಿರಾರು ಗಾಳಗಳ ಕೊಕ್ಕೆ, ಕತ್ತು, ದಾರ ಕಟ್ಟುವ ಹಿಡಿ ಇವುಗಳ ರೂಪಭೇದವೇ ಸಾಕಾಯಿತು. ಇಷ್ಟು ಕ್ಷುದ್ರವಾದ ವಸ್ತುವಿನಿಂದ ಇಷ್ಟು ದೊಡ್ಡ ಚರಿತ್ರೆಯನ್ನು ಕಟ್ಟುವ ಈ ಶಾಸ್ತ್ರದಲ್ಲಿ ಎಣಿಸುವ, ಅಳೆಯುವ, ವಿಂಗಡಿಸುವ ತಾಳ್ಮೆಗೆ ಇರುವ ಬೆಲೆ ಬೇರಾವುದಕ್ಕೂ ಇಲ್ಲ.

ಹವ್ಯಾಸಿಯ ಕಣ್ಣು ಎಷ್ಟು ಬೆಲೆಯುಳ್ಳದ್ದೆಂಬುದಕ್ಕೆ ಲಾಪಿಟ ಮಡಕೆಗಳ ವೃತ್ತಾಂತ ಇನ್ನೂ ಸೊಗಸಾದದ್ದು. ನ್ಯೂ ಬ್ರಿಟನ್ನಿನ ಪಕ್ಕದ ವಾಟೊಂ ಎಂಬ ಪುಟ್ಟ ದ್ವೀಪದಲ್ಲಿದ್ದ ಆಟ್ಟೊ ಮೇಯರ್ ಎಂಬ ಜರ್ಮನ್ ಪಾದ್ರಿ 1909ರಲ್ಲಿಯೇ, ಹಲ್ಲಿನಂಥ ಮುದ್ರೆಗಳಿಂದ ಸಾಲುಸಾಲಾಗಿ ಅಲಂಕರಿಸಿದ ಮಡಕೆಯ ಚೂರುಗಳನ್ನು ಕಂಡು ವರದಿ ಮಾಡಿದ್ದನು. ಅದರ ಮಹತ್ತ್ವ ಆಗ ಯಾರಿಗೂ ತಿಳಿಯಲಿಲ್ಲ. 1952ರಲ್ಲಿ ಗಿಫರ್ಡ್ ಮತ್ತು ಷಟ್ಲರ್ ಎಂಬ ಅಮೆರಿಕದ ವಿದ್ವಾಂಸರು ಬಹುದೂರದ ನ್ಯೂ ಕ್ಯಾಲಿಡೋನಿಯದಲ್ಲಿ, ಲಾಪಿಟ ಎಂಬ ಕಡಲತೀರದಲ್ಲಿ, ಅದೇ ಬಗೆಯ ಅಲಂಕಾರವುಳ್ಳ ಚೂರುಗಳನ್ನು ಅಗೆದು ತೆಗೆದಾಗ ಪಾದ್ರಿಯ ಚೂರುಗಳಿಗೆ ಬಂಧುಗಳು ದೊರೆತಂತಾಯಿತು. ಸುಮಾರು 3000 ವರ್ಷಗಳ ಹಿಂದೆ, ಕೆಸುವಿನ ಗೆಡ್ಡೆ, ಬಾಳೆ, ಹಲಸಿನ ಜಾತಿಯ ದೀಗುಜ್ಜೆ, ಹಂದಿ, ಕೋಳಿ ಇವನ್ನು ದೋಣಿಗಳಲ್ಲಿ ಹೇರಿಕೊಂಡು, ಒಂದರಿಂದೊಂದು ಕಣ್ಣಿಗೆ ಕಾಣದಷ್ಟು ದೂರವಿರುವ ದ್ವೀಪಗಳನ್ನು ಹಾಯುತ್ತ ಟೊಂಗ, ಸಮೋವಗಳವರೆಗೂ ಹಬ್ಬಿದ ಒಂದು ಜನಾಂಗದ ಹೆಜ್ಜೆಗುರುತುಗಳು ಇವು ಎಂಬುದು ಕ್ರಮೇಣ ಸ್ಪಷ್ಟವಾಯಿತು. 2003ರ ಕೊನೆಯಲ್ಲಿ ವನುಆಟು ದೇಶದ ಎಫಾಟೆ ದ್ವೀಪದ ತೆಔಮ ಎಂಬಲ್ಲಿ ಸೀಗಡಿ ಸಾಕುವ ಕೊಳಗಳಿಗೆಂದು ಮಣ್ಣು ತೆಗೆಯುತ್ತಿದ್ದ ಬುಲ್ಡೋಜರ್ ಚಾಲಕನೊಬ್ಬನು ಅಂಥದೇ ಚಿತ್ತಾರದ ಚೂರೊಂದನ್ನು ಕಂಡು ಎತ್ತಿಟ್ಟನು. ಅವನು ಅದನ್ನು ಮಣ್ಣಿನೊಡನೆ ತಳ್ಳಿಬಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ಆ ಒಂದು ಚೂರಿನ ಬೆನ್ನುಹತ್ತಿ ಹೋದವರಿಗೆ ಶಾಂತಸಾಗರದ ಅತಿ ಪ್ರಾಚೀನವಾದ ಶ್ಮಶಾನಗಳಲ್ಲೊಂದು ದೊರಕಿತು. ಅಲ್ಲಿಯ ಅಸ್ಥಿಗಳ ವಂಶವಾಹಿಗಳನ್ನು ಪರೀಕ್ಷಿಸಿದ 2016ರ ಅಧ್ಯಯನವು ಆ ಮೊದಲಿಗರ ಮೂಲ ಏಷ್ಯದ ಕಡೆಗಿತ್ತೆಂಬುದನ್ನು ತೋರಿಸಿಕೊಟ್ಟಿತು.

ಈ ಕಥೆಗಳನ್ನು ಓದಿದವರು ಕೂಡಲೇ ಹಾರೆಯ ಕಡೆಗೆ ಕೈಚಾಚುವುದು ಸಹಜ. ಅಲ್ಲಿಯೇ ಎಚ್ಚರವೂ ಬೇಕಾದದ್ದು. ಉತ್ಖನನವು ಒಂದು ವಿಚಿತ್ರವಾದ ವಿದ್ಯೆ. ತಾನು ಓದುವ ಪುಟವನ್ನು ಓದುತ್ತಿರುವಂತೆಯೇ ಅದು ಹರಿದುಹಾಕುತ್ತದೆ. ರಸಾಯನಶಾಸ್ತ್ರದ ಪ್ರಯೋಗವನ್ನು ಇನ್ನೊಬ್ಬನು ಮರಳಿ ಮಾಡಿ ನೋಡಬಹುದು. ಅಗೆದ ಗುಂಡಿಯನ್ನು ಮರಳಿ ಅಗೆಯುವುದು ಅಸಾಧ್ಯ. ಯಾವ ಪದರದಲ್ಲಿ, ಯಾವ ಆಳದಲ್ಲಿ, ಯಾವುದರ ಪಕ್ಕದಲ್ಲಿ ಏನಿತ್ತು ಎಂಬುದನ್ನು ಆ ಕ್ಷಣದಲ್ಲಿ ಬರೆದಿಡದಿದ್ದರೆ ಆ ಜ್ಞಾನ ಲೋಕಕ್ಕೆ ಶಾಶ್ವತವಾಗಿ ನಷ್ಟ. ಇದಕ್ಕಿಂತ ಗಾಢವಾದ ಇನ್ನೊಂದು ಸಂಗತಿಯೂ ಉಂಟು. ಹವಾಯಿಯ ಮಾಉಯಿ ದ್ವೀಪದ ಹೊನೊಕಹುಆ ಎಂಬಲ್ಲಿ 1980ರ ದಶಕದ ಕೊನೆಯಲ್ಲಿ ಹೋಟೆಲೊಂದನ್ನು ಕಟ್ಟುವುದಕ್ಕಾಗಿ ಒಂಬೈನೂರಕ್ಕೂ ಮಿಕ್ಕ ಸಮಾಧಿಗಳನ್ನು ವಿಧಿವತ್ತಾಗಿ, ಶಾಸ್ತ್ರೋಕ್ತವಾಗಿಯೇ ಅಗೆದು ತೆಗೆದರು. ದ್ವೀಪದ ಜನ ಅದನ್ನು ತಮ್ಮ ಪಿತೃಗಳ ಅವಮಾನವೆಂದು ಬಗೆದು ಎದ್ದುನಿಂತರು. ಕೊನೆಗೆ ಹೋಟೆಲು ಹಿಂದಕ್ಕೆ ಸರಿಯಿತು, ಅಸ್ಥಿಗಳು ಮಣ್ಣಿಗೆ ಮರಳಿದವು, 1990ರಲ್ಲಿ ದ್ವೀಪದ್ವೀಪಕ್ಕೂ ಸಮಾಧಿಗಳ ರಕ್ಷಣೆಗಾಗಿ ಮಂಡಳಿಗಳನ್ನು ನೇಮಿಸುವ ಕಾನೂನು ಬಂದಿತು. ಹೊರಗಿನಿಂದ ಎರಡು ವಾರಕ್ಕೆ ಬಂದವನ ಉತ್ಸಾಹಕ್ಕೂ, ಆ ನೆಲದಲ್ಲಿ ತನ್ನವರನ್ನು ಹೂತವನ ಹಕ್ಕಿಗೂ ಇರುವ ಅಂತರವನ್ನು ಆ ಪ್ರಕರಣ ತೋರಿಸಿಕೊಟ್ಟಿತು.

ವನುಆಟು ದೇಶವಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1980ರಲ್ಲಿ ಸ್ವತಂತ್ರವಾದ ಆ ಪುಟ್ಟ ರಾಷ್ಟ್ರವು 1985ರಿಂದ 1994ರವರೆಗೆ ವಿದೇಶೀ ವಿದ್ವಾಂಸರ ಕ್ಷೇತ್ರಾಧ್ಯಯನಗಳನ್ನು ತಡೆಹಿಡಿದು, ಆ ಅವಧಿಯಲ್ಲಿ ತನ್ನ ಹಳ್ಳಿಗರನ್ನೇ ಈ ಕೆಲಸಕ್ಕೆ ಸಿದ್ಧಗೊಳಿಸಿತು. ಅಲ್ಲಿಯ ಸಾಂಸ್ಕೃತಿಕ ಕೇಂದ್ರದ ಕ್ಷೇತ್ರಕಾರ್ಯಕರ್ತರು ಸಂಬಳದ ನೌಕರರಲ್ಲ. ತಮ್ಮ ತಮ್ಮ ಊರುಗಳಲ್ಲಿಯೇ ಇದ್ದು, ಹಿರಿಯರ ಬಾಯಿಂದ ಕಥೆಗಳನ್ನು ಸಂಗ್ರಹಿಸುವ, ಹಳೆಯ ನೆಲೆಗಳನ್ನು ಗುರುತಿಸುವ, ಅವು ಹಾಳಾಗದಂತೆ ಕಾಯುವ ಗೃಹಸ್ಥರು ಅವರು. ವರ್ಷಕ್ಕೊಮ್ಮೆ ರಾಜಧಾನಿಯಲ್ಲಿ ನೆರೆದು ತಾವು ಕಂಡದ್ದನ್ನು ಪರಸ್ಪರ ತಿಳಿಸುತ್ತಾರೆ. ಪುರುಷರ ಈ ಸಮಾವೇಶ 1981ರಿಂದ ನಡೆದುಬಂದಿದೆ. ಹೆಂಗಸರಿಗೆ ತಿಳಿದಿರುವುದು ಗಂಡಸರಿಗೆ ತಿಳಿಯದೆಂಬ ಸತ್ಯವನ್ನು ಅರಿತು 1994ರಿಂದ ಹೆಂಗಸರ ಪ್ರತ್ಯೇಕ ಪಡೆಯೂ ಏರ್ಪಟ್ಟಿತು. ಶಾಂತಸಾಗರದ ಪುರಾತತ್ತ್ವದಲ್ಲಿ ಪಾಲುಗೊಳ್ಳುವುದೆಂದರೆ ಏನು ಎಂಬುದಕ್ಕೆ ನನಗೆ ಕಂಡಿರುವ ಅತ್ಯುತ್ತಮವಾದ ಉತ್ತರ ಇದು. ಅಗೆಯುವವರು ಕೆಲವೇ ಮಂದಿ ಸಾಕು, ಅವರು ನುರಿತವರಾಗಿರಬೇಕು. ನೋಡುವವರು, ಕೇಳುವವರು, ಬರೆದಿಡುವವರು, ಕಾಯುವವರು ಎಷ್ಟು ಮಂದಿಯಿದ್ದರೂ ಸಾಲದು, ಮತ್ತು ಅವರು ಆ ಊರಿನವರೇ ಆಗಿದ್ದಷ್ಟೂ ಮೇಲು.

ಈಗ ಬಿಳೇಕಹಳ್ಳಿಗೆ ಬರೋಣ. ಕಂದಾಯದ ಕಾಗದಗಳಲ್ಲಿ ಇದು ಇಂದಿಗೂ ಬೇಗೂರು ಹೋಬಳಿಗೆ ಸೇರಿದ ಗ್ರಾಮ. ನಿವೇಶನದ ಕ್ರಯಪತ್ರದಲ್ಲಿ ಈ ಹೋಬಳಿಯ ಹೆಸರನ್ನು ಓದಿ ರುಜು ಹಾಕುವ ಸಾವಿರಾರು ಗೃಹಸ್ಥರಲ್ಲಿ, ಆ ಹೆಸರು ಹನ್ನೊಂದು ಶತಮಾನಗಳ ಹಿಂದೆಯೇ ಒಂದು ಆಡಳಿತ ವಿಭಾಗದ ಹೆಸರಾಗಿತ್ತೆಂಬುದನ್ನು ಬಲ್ಲವರು ಕೆಲವರೇ ಇರಬೇಕು. ಬೇಗೂರಿನ ಪಂಚಲಿಂಗ ನಾಗೇಶ್ವರ ದೇವಾಲಯದ ಆವರಣದಲ್ಲಿ ಗಂಗರ ಕಾಲದ ವೀರಗಲ್ಲುಗಳು ನಿಂತಿವೆ. ಅವುಗಳಲ್ಲಿ ಕ್ರಿ.ಶ. 900ರ ಸುಮಾರಿನ ಒಂದು ಸಾಮಾನ್ಯ ಗಾತ್ರದ ಕಲ್ಲು, ನಾಗತ್ತರನೆಂಬ ಗಂಗ ಅಧಿಕಾರಿಯ ಕಡೆಯವನೊಬ್ಬನು ಬೆಂಗಳೂರಿನ ಕಾಳಗದಲ್ಲಿ ಮಡಿದ ಸಂಗತಿಯನ್ನು ಹೇಳುತ್ತದೆ. ಬೆಂದಕಾಳಿನ ಕಥೆಯನ್ನು ನಂಬಿಕೊಂಡಿದ್ದ ಊರಿಗೆ ಅದರ ಹೆಸರಿನ ವಯಸ್ಸನ್ನು ನಾಲ್ಕಾರು ಶತಮಾನಗಳಷ್ಟು ಹಿಂದಕ್ಕೆ ಒಯ್ದು ತೋರಿಸಿದ್ದು ಈ ಕಲ್ಲು. ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರ ಕಾಲದಲ್ಲಿ, ಕಳೆದ ಶತಮಾನದ ಎರಡನೆಯ ದಶಕದಲ್ಲಿ, ಅದು ವಿದ್ವತ್ಪ್ರಪಂಚದ ಬೆಳಕಿಗೆ ಬಂದಿತು. ಅದೇ ಊರಿನ ಇನ್ನೊಂದು ವೀರಗಲ್ಲು, ಆನೆ ಕುದುರೆಗಳಿಂದ ಕಿಕ್ಕಿರಿದ ರಣರಂಗವನ್ನು ಅಂಗೈಯಗಲದ ಬಿಡುವೂ ಇಲ್ಲದಂತೆ ಕೆತ್ತಿರುವ ಮಹಾಶಿಲೆ, ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಗತ್ತರನು ತುಂಬೆಪಾಡಿಯಲ್ಲಿ ವೀರಮಹೇಂದ್ರನ ಸೈನ್ಯದೊಡನೆ ಕಾದಿ ಸತ್ತದ್ದನ್ನೂ, ಗಂಗರ ಎರೆಯಪ್ಪನು ಆಮೇಲೆ ಇರುಗನೆಂಬವನಿಗೆ ನಾಗತ್ತರ ಪದವಿಯನ್ನು ಕಟ್ಟಿ ಬೇಗೂರು ಮೊದಲಾದ ಹಳ್ಳಿಗಳನ್ನು ಕೊಟ್ಟದ್ದನ್ನೂ ಅದು ಹೇಳುತ್ತದೆ.

ಇಂಥ ಕಲ್ಲುಗಳನ್ನು ಮೊದಲು ಸಂಗ್ರಹಿಸಿಕೊಟ್ಟವರು ಯಾರು? 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ.ಎಲ್. ರೈಸ್ ಅವರು ವೃತ್ತಿಯಿಂದ ವಿದ್ಯಾ ಇಲಾಖೆಯವರು. ಶಾಲೆಗಳ ತನಿಖೆಗೆಂದು ಕುದುರೆಯ ಮೇಲೆ ಹಳ್ಳಿಹಳ್ಳಿ ತಿರುಗುವಾಗ ಕಣ್ಣಿಗೆ ಬಿದ್ದ ಬರಹದ ಕಲ್ಲುಗಳೇ ಅವರನ್ನು ಶಾಸನಗಳ ಕಡೆಗೆ ಎಳೆದವು. ಮುಂದೆ ಅವರು ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡು ಸಂಪುಟಗಳಲ್ಲಿ 8,869 ಶಾಸನಗಳು ಅಡಕವಾದವು, ಒಂಬತ್ತನೆಯ ಸಂಪುಟ ನಮ್ಮ ಬೆಂಗಳೂರು ಜಿಲ್ಲೆಯದು, 1905ರಲ್ಲಿ ಅಚ್ಚಾದದ್ದು. ರಾಯಚೂರು ಸೀಮೆಯ ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನವನ್ನು 1915ರಲ್ಲಿ ಕಂಡವನು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು. ಅಲ್ಲಿಯವರೆಗೆ ಅವನ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ ಕಂಡಿದ್ದವು. ಅಶೋಕನೆಂಬ ಹೆಸರು ಅವನದೇ ಶಾಸನದಲ್ಲಿ ಮೊದಲಿಗೆ ಸಿಕ್ಕಿದ್ದು, ಬಂಗಾರದ ಅದಿರನ್ನು ಹುಡುಕುತ್ತ ಹೊರಟವನಿಗೆ. ತೆಔಮದ ಬುಲ್ಡೋಜರ್ ಚಾಲಕನಿಗೂ ಮಸ್ಕಿಯ ಎಂಜಿನಿಯರಿಗೂ ಇರುವ ಸಾಮ್ಯ ಇಷ್ಟೇ: ಇಬ್ಬರೂ ಬೇರೊಂದು ಕೆಲಸದ ನಡುವೆ ನಿಂತು ನೋಡಿದರು, ನೋಡಿದ್ದನ್ನು ತಿಳಿದವರಿಗೆ ತಿಳಿಸಿದರು.

ರೈಸ್ ಅವರ ಸಂಪುಟದಲ್ಲಿ ಪ್ರತಿಯೊಂದು ಶಾಸನದ ತಲೆಯ ಮೇಲೂ ಅದು ಇರುವ ತಾವನ್ನು ಬರೆದಿದೆ. ದೇವಸ್ಥಾನದ ಮುಂದೆ, ಕೆರೆಯ ಏರಿಯ ಮೇಲೆ, ಊರಿನ ಪಶ್ಚಿಮಕ್ಕಿರುವ ಹೊಲದಲ್ಲಿ ಎಂಬ ಬಗೆಯ ವಿಳಾಸಗಳು ಅವು. ಅಂದಿನವರಿಗೆ ಅಷ್ಟು ಸಾಕಾಗಿತ್ತು; ಹೊಲವೆಂದರೆ ಯಾರ ಹೊಲವೆಂಬುದು ಊರಿಗೆಲ್ಲ ಗೊತ್ತು. ಇಂದು ಹೊಲ ಬಡಾವಣೆಯಾಗಿದೆ, ಏರಿ ಡಾಂಬರಿನ ರಸ್ತೆಯಾಗಿದೆ, ಪಶ್ಚಿಮವೆಂಬುದು ಯಾವುದರಿಂದ ಪಶ್ಚಿಮವೆಂದು ಹೇಳಲು ಹಳೆಯ ಊರೇ ಕಾಣದಾಗಿದೆ. ಬೆಂಗಳೂರಿನ ಶಾಸನಶಿಲೆಗಳನ್ನು ಹುಡುಕಹೊರಟವರಿಗೆ ಎದುರಾದ ತೊಡಕು ಇದೇ. 2017ರ ಸುಮಾರಿಗೆ ವೃತ್ತಿಯಿಂದ ಎಂಜಿನಿಯರಾದ ಪಿ.ಎಲ್. ಉದಯಕುಮಾರ್ ಅವರೂ ಅವರ ಮಿತ್ರರೂ ಈ ಹುಡುಕಾಟವನ್ನು ಕೈಗೆತ್ತಿಕೊಂಡು, ಹಳೆಯ ಸಂಪುಟದ ವಿಳಾಸಗಳನ್ನು ಇಂದಿನ ಬೀದಿಗಳಿಗೆ ಹೊಂದಿಸುತ್ತ, ಇರುವುದನ್ನು ಗುರುತಿಸುತ್ತ, ಇಲ್ಲವಾದುದನ್ನು ಬರೆದಿಡುತ್ತ ನಡೆದರು. ಅಂಥ ಎಚ್ಚರದ ವಾತಾವರಣದಲ್ಲಿಯೇ 2018ರಲ್ಲಿ ಹೆಬ್ಬಾಳದಲ್ಲಿ ಗಂಗ ಶ್ರೀಪುರುಷನ ಕಾಲದ, ಕ್ರಿ.ಶ. 750ರ ಸುಮಾರಿನ, ಕಿತ್ತಯ್ಯನೆಂಬ ವೀರನ ಕಲ್ಲು ದೊರೆಯಿತು. ಹೆಬ್ಬಾಳದ ಮೇಲ್ಸೇತುವೆಯ ವಾಹನಸಂದಣಿಯಲ್ಲಿ ಸಿಕ್ಕಿಕೊಂಡು ಶಪಿಸುವವರು ಆ ಊರಿಗೆ ಸಾವಿರದ ಇನ್ನೂರೈವತ್ತು ವರ್ಷಗಳ ದಾಖಲೆಯುಂಟೆಂದು ನೆನೆದು ಸ್ವಲ್ಪ ಸಮಾಧಾನ ಪಡೆಯಬಹುದೋ ಏನೋ.

ಈ ಕಾರ್ಯಕ್ಕೆ ಈಗ ಆಶ್ರಯವಾಗಿರುವುದು ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ. ಫಾದರ್ ಟಬಾರ್ಡ್ ಮೊದಲಾದವರು 1909ರಲ್ಲಿ ಸ್ಥಾಪಿಸಿದ ಈ ವಿದ್ವತ್ಸಭೆಯು ಶತಮಾನಕ್ಕೂ ಮಿಕ್ಕ ಕಾಲ ತನ್ನ ತ್ರೈಮಾಸಿಕ ಪತ್ರಿಕೆಯ ಮೂಲಕ ಚರಿತ್ರೆಯ ಸೇವೆ ಮಾಡಿಕೊಂಡು ಬಂದದ್ದು, 2021ರಿಂದ ಬೆಂಗಳೂರು ನಗರ, ಗ್ರಾಮಾಂತರ ಮತ್ತು ರಾಮನಗರ ಪ್ರದೇಶದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಸಂರಕ್ಷಿಸುವ ಯೋಜನೆಯನ್ನು ಉದಯಕುಮಾರ್ ಅವರ ನೇತೃತ್ವದಲ್ಲಿ ನಡೆಸುತ್ತಿದೆ. ಹೀಗೆ ಸಿದ್ಧವಾದ ಪ್ರತಿಕೃತಿಗಳನ್ನು ಯಾರು ಬೇಕಾದರೂ ಹಣ ತೆರದೆ ನೋಡಬಹುದು.

ಕಲ್ಲಿನ ಮೇಲಣ ಅಕ್ಷರವನ್ನು ಕಾಗದಕ್ಕೆ ಇಳಿಸುವ ಹಳೆಯ ಕ್ರಮವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುವುದು ಅಪ್ರಸ್ತುತವಾಗದು. ಮೊದಲು ಕಲ್ಲನ್ನು ನೀರಿನಿಂದ ತೊಳೆದು, ನಾರಿನ ಬ್ರಷ್ಷಿನಿಂದ ಅಕ್ಷರದ ಗೀರುಗಳಲ್ಲಿ ಕೂತ ಮಣ್ಣನ್ನೂ ಪಾಚಿಯನ್ನೂ ಹಗುರವಾಗಿ ಬಿಡಿಸುತ್ತಾರೆ. ಆಮೇಲೆ ನೆನೆಸಿದ ಕಾಗದವನ್ನು, ಒಳಗೆ ಗಾಳಿ ಉಳಿಯದಂತೆ, ಮೇಲಿನಿಂದ ಕೆಳಕ್ಕೆ ಹಾಸಿ, ಬಿರುಸಾದ ಕೂದಲಿನ ಬ್ರಷ್ಷಿನಿಂದ ಒಂದೇ ಸಮನೆ ತಟ್ಟುತ್ತ ಹೋಗುತ್ತಾರೆ. ತಟ್ಟಿದಂತೆಲ್ಲ ಕಾಗದವು ಗೀರಿನೊಳಕ್ಕೆ ಇಳಿದು ಅಕ್ಷರದ ಅಚ್ಚನ್ನು ತಾಳುತ್ತದೆ. ಕಾಗದ ಪೂರ್ತಿ ಆರುವ ಮುನ್ನ, ಬಟ್ಟೆಯ ಉಂಡೆಯನ್ನು ಮಸಿಯಲ್ಲಿ ಅದ್ದಿ, ಹೆಚ್ಚಾದುದನ್ನು ಹಲಗೆಯ ಮೇಲೆ ಒತ್ತಿ ತೆಗೆದು, ಕಾಗದದ ಉಬ್ಬಿದ ಭಾಗಕ್ಕೆ ಮಾತ್ರ ತಾಗುವಂತೆ ಮೆತ್ತಗೆ ಒತ್ತಬೇಕು. ಕೈ ಕೊಂಚ ಭಾರವಾದರೆ ಮಸಿ ಒಳಗಿಳಿದು ಅಕ್ಷರ ಅಳಿಯಿತು. ಹಗುರವಾದರೆ ಬರಹ ಮಸುಕಾಯಿತು. ಎಲ್ಲವೂ ಸರಿಯಾದರೆ ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರಗಳು ಸಾಲಾಗಿ ಮೂಡುತ್ತವೆ. ಇದನ್ನೇ ಪಡಿಯಚ್ಚು ಎನ್ನುವುದು. ಕೇಂದ್ರ ಪುರಾತತ್ತ್ವ ಇಲಾಖೆಯ ಶಾಸನ ಶಾಖೆ ಮೈಸೂರಿನಲ್ಲಿದ್ದು, ದೇಶದ ನಾನಾ ಭಾಗಗಳಿಂದ ತಂದ ಇಂಥ ಪಡಿಯಚ್ಚುಗಳ ದೊಡ್ಡ ಭಂಡಾರವೇ ಅಲ್ಲಿ ಕೂಡಿದೆ. ಸ್ಕ್ಯಾನರ್ ಯಂತ್ರದ ವಿಧಾನದಲ್ಲಿ ಕಲ್ಲನ್ನು ಮುಟ್ಟುವ ಕೆಲಸವೇ ಇಲ್ಲ. ಬೆಳಕಿನ ಗೆರೆಗಳನ್ನು ಕಲ್ಲಿನ ಮೇಲೆ ಬೀರಿ, ಅವು ಎಲ್ಲೆಲ್ಲಿ ಬಾಗುತ್ತವೆಂಬುದನ್ನು ಅಳೆದು, ಮಿಲಿಮೀಟರಿಗಿಂತ ಸೂಕ್ಷ್ಮವಾದ ತಗ್ಗುದಿಣ್ಣೆಗಳನ್ನೂ ಅದು ಗ್ರಹಿಸಿಕೊಳ್ಳುತ್ತದೆ. ಆ ಬಳಿಕ ಗಣಕದ ಪರದೆಯ ಮೇಲೆ ಕಲ್ಲನ್ನು ಯಾವ ಕಡೆಗೆ ಬೇಕಾದರೂ ತಿರುಗಿಸಿ, ಯಾವ ಮಗ್ಗುಲಿನಿಂದ ಬೇಕಾದರೂ ಬೆಳಕು ಬೀಳಿಸಿ, ಬಿಸಿಲಿನಲ್ಲಿ ನಿಂತು ಓದಲಾಗದ ಸವೆದ ಅಕ್ಷರಗಳನ್ನು ಓದಬಹುದು. ಓದಿನಲ್ಲಿ ತಪ್ಪಿದರೆ ನಾಳೆ ಇನ್ನೊಬ್ಬರು ಓದಿ ತಿದ್ದುವ ಅವಕಾಶ ಉಳಿದೇ ಇರುತ್ತದೆ.

ಆದರೆ ಯಂತ್ರವು ಕಲ್ಲಿನ ಎದುರಿಗೆ ಹೋಗಿ ನಿಲ್ಲಬೇಕಾದರೆ ಕಲ್ಲು ಎಲ್ಲಿದೆಯೆಂಬುದು ಮೊದಲು ಗೊತ್ತಾಗಬೇಕಷ್ಟೆ. ನಮ್ಮ ಕಡೆಯ ಒಂದು ಹಳೆಯ ಹಳ್ಳಿಯಲ್ಲಿ, ಈಗ ಅದೂ ಬಡಾವಣೆಯೇ, ಮುನೇಶ್ವರನ ಗುಡಿಯ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕುಳಿತಿದ್ದ ವೃದ್ಧೆಯೊಬ್ಬರನ್ನು ಬರಹದ ಕಲ್ಲಿನ ವಿಷಯವಾಗಿ ವಿಚಾರಿಸಿದೆ. “ಬರಾ ಇರೋ ಕಲ್ಲಾ ಸ್ವಾಮಿ? ಇತ್ತು. ಕೆರೆ ಕೋಡಿ ತಾವ ಮಲಗ್ಸಿದ್ರು. ನಮ್ಮತ್ತೆ, ನಾನು ಎಲ್ಲಾ ಅದರ ಮೇಲೇ ಬಟ್ಟೆ ಒಗೀತಿದ್ದದ್ದು. ಒಂದು ಮಗ್ಗಲು ನುಣ್ಣಗಿತ್ತು, ಇನ್ನೊಂದು ಮಗ್ಗಲು ತರಿತರಿ. ತರಿ ಇರೋ ಕಡೆ ಕಂಬಳಿ ಚೆನ್ನಾಗಿ ಉಜ್ಬೋದಿತ್ತು,” ಎಂದರು. ಈಗ ಎಲ್ಲಿದೆಯಮ್ಮಾ ಎಂದು ಕೇಳಿದರೆ, “ಲೇಔಟ್ ಮಾಡ್ದಾಗ ಜೇಸಿಬಿಯೋನು ಮಣ್ಣಿನ ಜೊತೆ ತಳ್ದ. ಆ ಕಾಂಪೌಂಡ್ ಬುಡದಲ್ಲೇ ಇದ್ರೂ ಇರ್ಬೋದು, ಯಾರು ಕಂಡೋರು?” ಎಂದು ಕಾಯಿ ಬಿಡಿಸುವುದನ್ನು ಮುಂದುವರಿಸಿದರು. ತರಿತರಿಯಾದ ಆ ಮಗ್ಗುಲೇ ಅಕ್ಷರಗಳಿದ್ದ ಮಗ್ಗುಲಾಗಿದ್ದೀತೆಂದು ಬೇರೆ ಹೇಳಬೇಕಾಗಿಲ್ಲ. ಯಾವ ಸಂಪುಟದಲ್ಲಿಯೂ ಇಲ್ಲದ, ಯಾವ ಉಪಗ್ರಹಚಿತ್ರವೂ ಕೊಡಲಾರದ ಮಾಹಿತಿ ಇದು: ಕಲ್ಲು ಇದ್ದ ತಾಣ, ಅದರ ಭಂಗಿ, ಅದು ಕಣ್ಮರೆಯಾದ ಸಂದರ್ಭ. ಎಂಬತ್ತು ದಾಟಿದ ಇಂಥ ಹೆಂಗಸರ ನೆನಪು ಅವರೊಡನೆಯೇ ಹೋಗಿಬಿಡುವುದಾದ್ದರಿಂದ, ವನುಆಟುವಿನವರು ಹೆಂಗಸರ ಪಡೆಯನ್ನು ಏಕೆ ಕಟ್ಟಿದರೆಂಬುದು ಆ ಜಗಲಿಯ ಬಳಿ ನನಗೆ ಚೆನ್ನಾಗಿ ಮನದಟ್ಟಾಯಿತು.

ಕಲ್ಲಿಗೆ ಒದಗುವ ವಿಪತ್ತುಗಳಲ್ಲಿ ಅಜ್ಞಾನದಷ್ಟೇ ಭಕ್ತಿಯೂ ಆಸೆಯೂ ಪಾಲುದಾರರು. ದೇವರೆಂದು ಪೂಜಿಸುವ ವೀರಗಲ್ಲಿಗೆ ಪ್ರತಿವರ್ಷವೂ ಎಣ್ಣೆಬಣ್ಣವನ್ನು ಬಳಿದು ಬಳಿದು ಅಕ್ಷರ ಹೂತುಹೋಗುವುದುಂಟು. ಜೀರ್ಣೋದ್ಧಾರದ ಉತ್ಸಾಹದಲ್ಲಿ ಗುಡಿಯ ಗೋಡೆಗೆ ಮರಳನ್ನು ರಭಸದಿಂದ ಊದಿ ಉಜ್ಜಿ, ಬರಹದ ಮೇಲ್ಪದರವನ್ನೇ ಕಿತ್ತುಬಿಡುವುದುಂಟು. ಶಾಸನದ ಬುಡದಲ್ಲಿ ನಿಧಿಯಿದೆಯೆಂದು ರಾತ್ರಿಯ ಹೊತ್ತು ಅಗೆದು ಕಲ್ಲನ್ನು ಸೀಳುವುದಂತೂ ನಾಡಿನ ಎಲ್ಲ ಮೂಲೆಗಳಿಂದಲೂ ಕೇಳಿಬರುವ ವಾರ್ತೆ. ದಾನವನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಗೋಹತ್ಯೆ ಮಾಡಿದ ಪಾಪ ಬರಲೆಂದು ಶಾಸನದ ಕೊನೆಗೆ ಕೊರೆಸಿದ ಶಾಪವನ್ನು ಓದಬಲ್ಲವನಾಗಿದ್ದರೆ ನಿಧಿಗಳ್ಳನು ಹಿಂಜರಿಯುತ್ತಿದ್ದನೋ ಏನೋ. ಓದು ಬಾರದ್ದು ಅವನಿಗೆ ಅನುಕೂಲವೇ ಆಯಿತು. ನಿಜವಾದ ನಿಧಿಯೇ ಸಿಕ್ಕಿದರೂ ಅದು ಕಂಡಮಾತ್ರಕ್ಕೆ ಕಂಡವನದಾಗುವುದಿಲ್ಲ. ನಿಧಿ ಕಾಯಿದೆಯಂತೆ ಹೂತ ನಿಧಿಯನ್ನು ಕಂಡವರು ಜಿಲ್ಲಾಧಿಕಾರಿಗೆ ತಿಳಿಸತಕ್ಕದ್ದು. ಯಶವಂತಪುರದ ಬಳಿ 1891ರಲ್ಲಿ ನೆಲದಿಂದ ಹೊರಬಂದ ಬೆಳ್ಳಿಯ ರೋಮನ್ ನಾಣ್ಯಗಳು ಕರಗಿಸುವವರ ಕುಲುಮೆಗೆ ಹೋಗದೆ ವಿದ್ವಾಂಸರ ಕಣ್ಣಿಗೆ ಬಿದ್ದದ್ದರಿಂದಲೇ, ಆಗಸ್ಟಸ್, ಟಿಬೇರಿಯಸ್ ಚಕ್ರವರ್ತಿಗಳ ಹಣ ಈ ಬೆಂಗಳೂರಿನ ನೆಲದವರೆಗೂ ನಡೆದುಬಂದಿತ್ತೆಂಬುದು ನಮಗೆ ತಿಳಿದದ್ದು.

ಇಷ್ಟೆಲ್ಲ ಕೇಳಿದ ಬಿಳೇಕಹಳ್ಳಿಯ ತರುಣನು, ಹಾಗಾದರೆ ನಾನು ಮಾಡತಕ್ಕದ್ದೇನು ಎಂದು ಕೇಳಿಯೇ ಕೇಳುತ್ತಾನೆ. ಉತ್ಖನನಕ್ಕೆ ಸರ್ಕಾರದ ಪರವಾನಗಿ ಬೇಕು. ಅದು ವಿಶ್ವವಿದ್ಯಾಲಯಗಳಿಗೂ ಇಲಾಖೆಗಳಿಗೂ ಸಲ್ಲುವಂಥದು, ಅದರ ಆಸೆಯನ್ನು ಸದ್ಯಕ್ಕೆ ಬದಿಗಿಡಲಿ. ಅಕ್ಷರ ಕಲಿಯಲಿ: ಹಳಗನ್ನಡದ ಲಿಪಿ ಇಂದಿನ ಕನ್ನಡ ಬಲ್ಲವನಿಗೆ ತೀರ ಅಪರಿಚಿತವಲ್ಲ, ಹೊಯ್ಸಳರ ಕಾಲದ ದುಂಡಗಿನ ಬರಹವನ್ನು ಕೆಲವು ತಿಂಗಳ ಅಭ್ಯಾಸದಿಂದ ಕೂಡಿಸಿಕೊಂಡು ಓದಬಹುದು, ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರದ ತರಗತಿಗಳನ್ನು ನಡೆಸಿಕೊಂಡು ಬಂದಿದೆ. ರೈಸ್ ಅವರ ಒಂಬತ್ತನೆಯ ಸಂಪುಟವನ್ನು ತೆಗೆದು ತನ್ನ ಹೋಬಳಿಯ ಊರುಗಳ ಹೆಸರುಗಳನ್ನು ಗುರುತು ಹಾಕಿಕೊಳ್ಳಲಿ. ಭಾನುವಾರಗಳಂದು ಅರಕೆರೆ, ಹುಳಿಮಾವು, ಬೇಗೂರುಗಳ ಕೆರೆಯ ಏರಿ, ತೂಬು, ಅಶ್ವತ್ಥಕಟ್ಟೆ, ಹಳೆಯ ಗುಡಿಗಳ ಹಿತ್ತಿಲು ಇವುಗಳ ಸುತ್ತ ಮೆಲ್ಲಗೆ ನಡೆಯಲಿ. ಕಲ್ಲೊಂದು ಕಂಡರೆ, ಅದನ್ನು ಕದಲಿಸದೆ, ಪಕ್ಕದಲ್ಲೊಂದು ಅಳತೆಪಟ್ಟಿಯನ್ನಿಟ್ಟು ನಾಲ್ಕೂ ಕಡೆಯಿಂದ ಚಿತ್ರ ತೆಗೆದು, ಜಾಗದ ಗುರುತನ್ನು ಮೊಬೈಲಿನ ನಕಾಶೆಯಲ್ಲಿ ಹಿಡಿದಿಟ್ಟು, ಸುತ್ತಲಿನವರನ್ನು ಮಾತನಾಡಿಸಿ ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದುಕೊಂಡು, ಮಿಥಿಕ್ ಸೊಸೈಟಿಗೋ ರಾಜ್ಯ ಪುರಾತತ್ತ್ವ ಇಲಾಖೆಗೋ ತಿಳಿಸಲಿ. ನೆಲ ಖಾಸಗಿಯದಾದರೆ ಒಡೆಯನ ಅಪ್ಪಣೆಯಿಲ್ಲದೆ ಒಳಗೆ ಕಾಲಿಡಬಾರದು. ಕಲ್ಲು ಪೂಜೆಗೊಳ್ಳುತ್ತಿದ್ದರೆ ಅರ್ಚಕರನ್ನು ಕೇಳದೆ ಮುಟ್ಟಬಾರದು. ಇದರಿಂದ ಹೊತ್ತು ಹೆಚ್ಚು ಹಿಡಿಯುತ್ತದೆ, ಬೇಸರವೂ ಆಗುತ್ತದೆ. ಹೊನೊಕಹುಆದ ಪಾಠವನ್ನು ಅಗ್ಗದಲ್ಲಿ ಕಲಿಯುವ ಮಾರ್ಗ ಇದೊಂದೇ.

ಇಷ್ಟಾದ ಮೇಲೂ ಶಾಂತಸಾಗರದ ಸೆಳೆತ ಕಡಿಮೆಯಾಗದಿದ್ದರೆ ಅವನು ಅವಶ್ಯವಾಗಿ ಹೋಗಲಿ, ನಾನು ತಡೆಯುವವನಲ್ಲ. ಅಳತೆಯ ನಕ್ಷೆ ಬರೆಯಲು, ದಾಖಲೆಯ ಹಾಳೆಯನ್ನು ತಪ್ಪಿಲ್ಲದೆ ತುಂಬಲು, ಹಳ್ಳಿಯವರ ಮನೆಯಂಗಳದಲ್ಲಿ ಕುಳಿತು ಕೇಳಲು ಇಲ್ಲಿ ಕಲಿತವನನ್ನು ಕ್ಷೇತ್ರಶಾಲೆಯವರು ಬರಿಗೈಯ ಪ್ರವಾಸಿಗಿಂತ ಹೆಚ್ಚಿನ ಆದರದಿಂದ ಸೇರಿಸಿಕೊಂಡಾರು. ಅಲ್ಲಿಗೆ ಹೋಗುವ ಮುನ್ನ ಕೆಲಸದ ನೇತೃತ್ವ ಯಾರದು, ಆ ದ್ವೀಪದ ಸಂಸ್ಥೆಯ ಒಪ್ಪಿಗೆ ದೊರೆತಿದೆಯೆ, ಸಿಕ್ಕ ವಸ್ತುಗಳು ಯಾವ ದೇಶದಲ್ಲಿ ಉಳಿಯುತ್ತವೆ ಎಂಬಿವನ್ನು ಕೇಳಿ ತಿಳಿಯಲಿ. ಉತ್ತರ ಕೊಡಲು ತಡವರಿಸುವವರ ಜೊತೆಗೆ ಹೋಗದಿರುವುದು ಲೇಸು.

ಬೇಗೂರಿನ ಮಹಾವೀರಗಲ್ಲಿನಲ್ಲಿ ಇರುಗನಿಗೆ ಕೊಟ್ಟ ಹಳ್ಳಿಗಳ ಪಟ್ಟಿಯೊಂದಿದೆಯೆಂದೆನಲ್ಲವೆ? ಅದರಲ್ಲಿ ಬರುವ ಕೂಡಲೆ ಎಂಬುದು ಇಂದಿನ ಕೂಡ್ಲು ಎಂದು ಊಹಿಸಲು ಅಡ್ಡಿಯಿಲ್ಲ. ಇಗ್ಗಲೂರು ಎಂಬ ಹೆಸರಿನ ಊರು ಈಗಲೂ ಆನೇಕಲ್ಲಿನ ದಾರಿಯಲ್ಲಿದೆ. ಗಳಂಜವಾಗಿಲು ಎಂಬುದೂ ಆ ಪಟ್ಟಿಯಲ್ಲಿದೆ. ಇಂದಿನ ಯಾವ ಊರಿನ ಹೆಸರಿಗೂ ಅದನ್ನು ಹೊಂದಿಸಲು ನನ್ನಿಂದ ಆಗಿಲ್ಲ. ಕಸ್ತೂರಬಾ ರಸ್ತೆಯಲ್ಲಿ ಕಲ್ಲನ್ನು ನೋಡಿ, ಪಟ್ಟಿಯನ್ನು ಬರೆದುಕೊಂಡು, ಬೇಗೂರು ಹೋಬಳಿಯ ಕಂದಾಯ ನಕಾಶೆಯನ್ನು ಎದುರಿಗಿಟ್ಟುಕೊಂಡು ಕುಳಿತುಕೊಳ್ಳುವವರು ಯಾರಾದರೂ ಇದ್ದರೆ, ಹಳೆಯ ಸರ್ವೆ ನಂಬರುಗಳ ಪಕ್ಕದಲ್ಲಿ ಬರೆದಿರುವ ಬೇಚಿರಾಕ್ ಗ್ರಾಮಗಳ, ಎಂದರೆ ಜನವಸತಿ ಇಲ್ಲದಾದ ಹಳ್ಳಿಗಳ, ಹೆಸರುಗಳಿಂದ ಹುಡುಕಾಟವನ್ನು ಪ್ರಾರಂಭಿಸುವುದು ಒಳ್ಳೆಯದು.